ದೂರದ ಬೆಟ್ಟ, ತಾಮ್ರದ ತಗಡು

ಮೊದಲು ಒಂದು ಪಟ್ಟಿ ಓದಿಕೊಳ್ಳೋಣ. 1559ರಲ್ಲಿ ಆಂಟ್‌ವರ್ಪ್ ಪಟ್ಟಣದಲ್ಲಿ ಹಿಯರೋನಿಮಸ್ ಕಾಕ್ ಎಂಬ ಪ್ರಕಾಶಕ ಅಚ್ಚುಚಿತ್ರಗಳ ಒಂದು ಕಟ್ಟನ್ನು ಮಾರಾಟಕ್ಕಿಟ್ಟ. ಒಳಗೆ ಏನೇನು ಸರಕಿದೆ ಅಂತ ಮುಖಪುಟದಲ್ಲಿ ಕೊರೆಸಿದ್ದ. ಹಳ್ಳಿಮನೆಗಳು ಇವೆಯಂತೆ. ಹೊಲಮನೆಗಳು, ಹೊಲಗಳು, ಬೀದಿಗಳು ಇವೆಯಂತೆ. ಅಂದ ಹೆಚ್ಚಲಿ ಅಂತ ಬಗೆಬಗೆಯ ಪುಟ್ಟ ಪ್ರಾಣಿಗಳನ್ನೂ ಸೇರಿಸಿದೆಯಂತೆ. ಎಲ್ಲವೂ ಕಣ್ಣಾರೆ ಕಂಡು ಬರೆದದ್ದು, ಹೆಚ್ಚಿನವು ಆಂಟ್‌ವರ್ಪಿನ ಸುತ್ತಮುತ್ತಲಿನವೇ ಅಂತ ಭರವಸೆ ಬೇರೆ.

ಗೆಳೆಯರೆ, ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಮನೆ ಇದೆ, ಹೊಲ ಇದೆ, ಬೀದಿ ಇದೆ, ಪ್ರಾಣಿಗಳೂ ಇದ್ದಾವೆ. ಆ ಮನೆ ಕಟ್ಟಿದವನು, ಆ ಹೊಲ ಉತ್ತವನು, ಆ ಬೀದಿಯಲ್ಲಿ ನೀರು ಹೊತ್ತವಳು, ಆ ಪ್ರಾಣಿಗಳನ್ನು ಮೇಯಿಸಿದ ಹುಡುಗ, ಇವರೆಲ್ಲ ಎಲ್ಲಿ ಹೋದರು?

ಕಲಾಪಂಡಿತರು ‘ಚಿಕ್ಕ ಭೂದೃಶ್ಯಗಳು’ ಅಂತ ಹೆಸರಿಟ್ಟು ಕಣ್ಣಿಗೊತ್ತಿಕೊಳ್ಳುವುದು ಇದೇ ಕಟ್ಟನ್ನು. 1559ರಲ್ಲಿ ಒಂದು ಕಂತು, 1561ರಲ್ಲಿ ಇನ್ನೊಂದು ಕಂತು, ಎರಡೂ ಸೇರಿ 44 ಚಿತ್ರ. ತಾಮ್ರದ ತಗಡಿನ ಮೇಲೆ ಇವನ್ನು ಕೊರೆದವರು ವಾನ್ ಡೂಟೆಕಮ್ ಅಣ್ಣತಮ್ಮಂದಿರಾದ ಯೊಹಾನೆಸ್ ಮತ್ತು ಲೂಕಾಸ್. ಮೂಲ ರೇಖೆಗಳನ್ನು ಬರೆದವನ ಹೆಸರನ್ನು ಕಾಕ್ ಮುಖಪುಟದಲ್ಲಿ ಹಾಕಲೇ ಇಲ್ಲ. ಹಾಗಾಗಿ ಆ ಮನುಷ್ಯ ಇವತ್ತಿಗೂ ‘ಚಿಕ್ಕ ಭೂದೃಶ್ಯಗಳ ಕಲಾವಿದ’ ಅಷ್ಟೆ. ಅವನ ಗತಿಯೇ ಇದಾದರೆ ಅವನು ಬರೆದ ಗುಡಿಸಲಿನವರ ಗತಿ ಕೇಳಬೇಕೆ?

ನಾನು ಕಲಾವಿಮರ್ಶಕನಲ್ಲ. ಈ ಚಿತ್ರಗಳನ್ನು ನೋಡಿದ್ದು ಪುಸ್ತಕಗಳಲ್ಲಿ. ಆದರೆ ಹಳ್ಳಿ ಅಂದರೇನು, ಒಂದು ಮನೆಯೊಳಗೆ ಎಷ್ಟು ಹೊಟ್ಟೆ ಇರುತ್ತವೆ ಅನ್ನುವುದು ಗೊತ್ತಿದ್ದವನು ಈ ಚಿತ್ರಗಳ ಪಕ್ಕದಲ್ಲಿ ಅಚ್ಚಾಗಿರುವ ಹೊಗಳಿಕೆ ಓದಿದರೆ ಮೈ ಉರಿಯುತ್ತದೆ. ‘ನೆಮ್ಮದಿ’ ಅಂತೆ. ‘ಪ್ರಕೃತಿಯ ಮಡಿಲಲ್ಲಿ ಸರಳ ಸಂಸಾರ’ ಅಂತೆ. ಯಾರ ನೆಮ್ಮದಿ ಸ್ವಾಮಿ? ಚಿತ್ರ ಬರೆಸಿಕೊಂಡವನದೋ, ಚಿತ್ರದೊಳಗಿರುವವನದೋ, ನೋಡುತ್ತಾ ಕೂತವನದೋ?

ನ್ಯಾಯವಾಗಿ ಒಂದು ಮಾತು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಆ ಕಾಲದವರೆಗೆ ಯೂರೋಪಿನ ಚಿತ್ರಕಾರನಿಗೆ ಹಳ್ಳಿ ಬೇಕಾಗಿದ್ದರೆ ದೇವರ ಕಥೆಯ ನೆಪ ಬೇಕಿತ್ತು. ಯಾವನೋ ಒಬ್ಬ ಸಂತ ತಪಸ್ಸಿಗೆ ಕೂತಿರಬೇಕು, ಅವನ ಬೆನ್ನ ಹಿಂದೆ ಊರು ಕಾಣಬೇಕು. ಈ 44 ತಗಡುಗಳು ಆ ನೆಪವನ್ನು ಕಿತ್ತೆಸೆದವು. ಹುಲ್ಲಿನ ಮಾಡು, ಬಾಗಿದ ಬೇಲಿ, ಕೆಸರಿನ ದಾರಿ, ಕುಂಟೆಯ ನೀರು, ಇವೇ ಚಿತ್ರ. ಗುಡಿಸಲನ್ನು ಗುಡಿಸಲಾಗಿಯೇ ನೋಡಬಹುದು ಅನ್ನುವುದು ಅವತ್ತಿಗೆ ದೊಡ್ಡ ಮಾತು. ಅದನ್ನು ಅಲ್ಲಗಳೆದರೆ ಸುಳ್ಳಾಡಿದಂತೆ.

ಆದರೆ ದೇವರನ್ನು ಹೊರಗೆ ಕಳಿಸಿದ ಮೇಲೆ ಖಾಲಿಯಾದ ಆ ಜಾಗಕ್ಕೆ ಮನುಷ್ಯನನ್ನು ಕರೆದರೇ? ಇಲ್ಲ. ಅಲ್ಲೊಬ್ಬ ಇಲ್ಲೊಬ್ಬ, ಉಗುರಿನಷ್ಟು ಜನ. ಊರಿನ ಅಳತೆ ತೋರಿಸಲಿಕ್ಕೆ ನೆಟ್ಟ ಕಡ್ಡಿಗಳ ಹಾಗೆ. ನಲವತ್ತನಾಲ್ಕರಲ್ಲಿ ಒಂದು ಮನೆಯ ಒಳಗೂ ನಮ್ಮನ್ನು ಬಿಟ್ಟುಕೊಳ್ಳುವುದಿಲ್ಲ. ಮಾಡು ಕಾಣುತ್ತದೆ, ಮಾಡಿನ ಕೆಳಗೆ ಏನು ನಡೆಯುತ್ತಿತ್ತು ಅನ್ನುವುದು ಕಾಣುವುದಿಲ್ಲ.

ಏನು ನಡೆಯುತ್ತಿತ್ತು? ಇತಿಹಾಸದ ಪುಸ್ತಕಗಳು ಹೇಳುತ್ತವೆ. ಆಂಟ್‌ವರ್ಪಿನ ಪೂರ್ವಕ್ಕೆ ಕೆಂಪನ್ ಅನ್ನುವ ಮರಳು ಸೀಮೆ. ರೈ ಎಂಬ ಒರಟು ಧಾನ್ಯ ಬಿಟ್ಟರೆ ಹೆಚ್ಚೇನೂ ಬೆಳೆಯದ ಬಡ ನೆಲ. ಗೊಬ್ಬರಕ್ಕೋಸ್ಕರವೇ ಕುರಿ ದನ ಕಟ್ಟಬೇಕು, ಊರೊಟ್ಟಿನ ಬಯಲಲ್ಲಿ ಮೇಯಿಸಬೇಕು. ಟೊಂಗರ್ಲೊ ಮಠದಂಥ ಮಠಗಳಿಗೆ ಅಲ್ಲಿ ದೊಡ್ಡ ಜಮೀನು. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಧರ್ಮದ ಹೆಸರಿನಲ್ಲಿ ಹೋಗುತ್ತಿತ್ತು, ಗೇಣಿ ಬೇರೆ ಲೆಕ್ಕ. ಪಶ್ಚಿಮಕ್ಕೆ ಫ್ಲಾಂಡರ್ಸ್ ಸೀಮೆಯಲ್ಲಿ ತುಂಡು ಹೊಲದ ಮೇಲೆ ಬದುಕಲಾರದೆ ಸಂಸಾರ ಸಂಸಾರವೇ ನೂಲಿಗೆ ಬಿದ್ದಿತ್ತು. ಅಗಸೆ ಬೆಳೆದು, ನೆನೆಹಾಕಿ, ನಾರು ತೆಗೆದು, ಹೆಂಗಸರು ಮಕ್ಕಳು ನೂಲುವುದು, ಗಂಡಸು ಮಗ್ಗಕ್ಕೆ ಕೂರುವುದು. ಬಟ್ಟೆ ಪೇಟೆಗೆ, ದುಡ್ಡು ವ್ಯಾಪಾರಿಗೆ. ಇದಪ್ಪಾ ಆ ‘ಸರಳ ಸಂಸಾರ’. ಮಗು ನಡೆಯಲು ಕಲಿತ ಮೇಲೆ ಕೆಲಸಕ್ಕೆ ಹೊರತು ಅಲ್ಲ. ಈ ಮನೆಯನ್ನು ರಸ್ತೆಯ ಆಚೆ ಬದಿಗೆ ನಿಂತು ಬರೆದರೆ ಮಾಡು ಚೆನ್ನಾಗಿ ಕಾಣುತ್ತದೆ, ನಿಜ.

ದೂರದ ಬೆಟ್ಟ ನುಣ್ಣಗೆ ಅಂತ ನಮ್ಮವರು ಸುಮ್ಮನೆ ಹೇಳಿಲ್ಲ.

*

ಈಗ ಈ ಅಚ್ಚಿನ ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ನೋಡಬೇಕು. ಅದು ಗೊತ್ತಾಗದೆ ಚಿತ್ರ ಅರ್ಥವಾಗುವುದಿಲ್ಲ.

ಕಾಕ್ ತನ್ನ ಅಂಗಡಿ ತೆರೆದದ್ದು 1548ರ ಸುಮಾರಿಗೆ. ಹೆಸರು ‘ನಾಲ್ಕು ಗಾಳಿಗಳು’. ಕಲಾವಿದ ಕಾಗದದ ಮೇಲೆ ರೇಖೆ ಬರೆದು ಕೊಡುತ್ತಾನೆ. ಅದನ್ನು ಇನ್ನೊಬ್ಬ ತಾಮ್ರದ ತಗಡಿಗೆ ಇಳಿಸುತ್ತಾನೆ. ಒಂದು ರೀತಿ ಉಳಿಯಿಂದ ನೇರವಾಗಿ ಕೆತ್ತುವುದು. ಇನ್ನೊಂದು ರೀತಿ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದುವುದು. ಗೀಚಿದ ಕಡೆ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆ ಗೆರೆಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಉರುಳೆಯಡಿ ಹಾಯಿಸಿದರೆ ಚಿತ್ರ. ಒಂದಲ್ಲ, ನೂರಾರು. ತಗಡು ಸವೆದರೆ ಮತ್ತೆ ಕೊರೆದು ಮತ್ತೆ ಹೊಡೆಯಬಹುದು. ತಗಡು ಯಾರದು? ಪ್ರಕಾಶಕನದು. ಕಾಕ್ 1570ರಲ್ಲಿ ಸತ್ತ. ಅವನ ಹೆಂಡತಿ ವೋಲ್ಕ್ಸ್‌ಕೆನ್ ಡಿಯರಿಕ್ಸ್ 1600ರಲ್ಲಿ ತಾನು ಸಾಯುವವರೆಗೂ ಅಂಗಡಿ ನಡೆಸಿದಳು. ಗಟ್ಟಿಗಿತ್ತಿ. ಅವಳು ಸತ್ತ ಮೇಲೆ ಆಸ್ತಿಯ ಪಟ್ಟಿ ಮಾಡಿದಾಗ ಅಂಗಡಿಯಲ್ಲಿ ಇದ್ದ ತಗಡುಗಳು ಸಾವಿರದೈನೂರಕ್ಕೂ ಹೆಚ್ಚು. ತಗಡು ಅಂದರೆ ಜಮೀನಿದ್ದಂತೆ ಕಣ್ರಪ್ಪ, ವರ್ಷ ವರ್ಷ ಬೆಳೆ ಕೊಡುತ್ತದೆ. ಹಳ್ಳಿಯವನ ಮುಖ ಅದರ ಮೇಲಿದ್ದರೂ ಬೆಳೆಯಲ್ಲಿ ಅವನಿಗೆ ಪಾಲಿಲ್ಲ.

ಕೊಂಡವರು ಯಾರು? ಆಂಟ್‌ವರ್ಪ್ ಆಗ ಸುಮಾರು ಒಂದು ಲಕ್ಷ ಜನರ ಪಟ್ಟಣ, ಯೂರೋಪಿನ ದುಡ್ಡೆಲ್ಲ ಬಂದು ಬೀಳುವ ಬಂದರು. ಅಲ್ಲಿನ ವ್ಯಾಪಾರಿ, ಅಲ್ಲಿನ ಪಂಡಿತ, ಲ್ಯಾಟಿನ್ ಬಲ್ಲವನು. ಪಟ್ಟಣದ ಗಲಾಟೆಗೆ ಬೇಸತ್ತು ಹೊರವಲಯದಲ್ಲಿ ಜಮೀನು ಕೊಂಡು ಬೇಸಿಗೆಮನೆ ಕಟ್ಟಿಸಿಕೊಳ್ಳುತ್ತಿದ್ದವನು. ಅಂದರೆ ಗೋಡೆಗೆ ಹಳ್ಳಿಯ ಚಿತ್ರ ಬೇಕೆಂದವನೂ ಹಳ್ಳಿಯ ಜಮೀನು ಹಿಡಿಯುತ್ತಿದ್ದವನೂ ಒಬ್ಬನೇ ವರ್ಗದವನು. ನಿಕ್ಲಾಸ್ ಯೊಂಗೆಲಿಂಕ್ ಅಂತ ಒಬ್ಬನಿದ್ದ, ತೆರಿಗೆ ವಸೂಲಿಯ ಅಧಿಕಾರಿ, ಭಾರಿ ಕುಳ. ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ ತಿಂಗಳುಗಳ ವರ್ಣಚಿತ್ರಗಳು, ಅದೇ ಆ ಕೊಯ್ಲು, ಆ ಹುಲ್ಲು ಬಣವೆ, ಆ ಹಿಮದಲ್ಲಿ ಬರುವ ಬೇಟೆಗಾರರು, ಎಲ್ಲ ಇವನ ಹತ್ತಿರ ಇದ್ದವು. 1566ರಲ್ಲಿ ಒಬ್ಬ ಸ್ನೇಹಿತನ ಸಾಲಕ್ಕೆ ಜಾಮೀನು ನಿಲ್ಲಬೇಕಾಗಿ ಬಂದಾಗ ಬ್ರೂಗೆಲ್‌ನ 16 ಚಿತ್ರಗಳೂ ಸೇರಿದ ತನ್ನ ಸಂಗ್ರಹವನ್ನು 16,000 ಗಿಲ್ಡರಿಗೆ ಒತ್ತೆ ಇಟ್ಟ. ಕೊಯ್ಲಿನ ಆಳು ಬಿಸಿಲಲ್ಲಿ ಸುಸ್ತಾಗಿ ಮರದ ಕೆಳಗೆ ಕಾಲು ಚಾಚಿ ಬಿದ್ದಿದ್ದಾನಲ್ಲ, ಆ ಸುಸ್ತೂ ಜಾಮೀನಿನ ಕಾಗದಕ್ಕೆ ಸೇರಿತು.

ಬ್ರೂಗೆಲ್ ಹೆಸರು ಬಂದ ಮೇಲೆ ಬಿಡುವಂತಿಲ್ಲ. ಫ್ಲೆಮಿಶ್ ಹಳ್ಳಿ ಅಂದರೆ ಬ್ರೂಗೆಲ್ ಅನ್ನುವಷ್ಟು ಅವನ ಹೆಸರು ಅಂಟಿಕೊಂಡಿದೆ. ‘ರೈತರ ಬ್ರೂಗೆಲ್’ ಅಂತಲೇ ಬಿರುದು. 1552ರ ಹೊತ್ತಿಗೆ ಇಟಲಿಗೆ ಹೋಗಿ, ಆಲ್ಪ್ಸ್ ದಾಟಿ ಬಂದವನು. 1555-56ರ ಸುಮಾರಿಗೆ ಕಾಕ್‌ಗೋಸ್ಕರ ‘ದೊಡ್ಡ ಭೂದೃಶ್ಯಗಳು’ ಅನ್ನುವ ಹನ್ನೆರಡು ಚಿತ್ರಗಳ ಸರಣಿ ಮಾಡಿದ. ಕೊರೆದವರು ಮತ್ತೆ ಅದೇ ಡೂಟೆಕಮ್ ಸಹೋದರರು. ಫ್ಲಾಂಡರ್ಸಿನಲ್ಲಿ, ಬ್ರಬಾಂಟಿನಲ್ಲಿ ಬೆಟ್ಟವೇ ಇಲ್ಲ, ಅಂಗೈಯಂಥ ನೆಲ. ಆದರೆ ಈ ಅಚ್ಚುಗಳಲ್ಲಿ ನಮ್ಮ ಕಣ್ಣು ಯಾವುದೋ ಶಿಖರದ ಮೇಲೆ ಕೂತು ಕೆಳಗೆ ನೋಡುತ್ತದೆ. ಹೊಳೆ, ಕಣಿವೆ, ಊರು, ಹಡಗು, ಎಲ್ಲ ಕಾಲ ಕೆಳಗೆ. ಬ್ರೂಗೆಲ್‌ನ ಗೆಳೆಯ ಓರ್ಟೇಲಿಯಸ್ ಭೂಪಟ ಮಾಡುವವನು, 1570ರಲ್ಲಿ ಜಗತ್ತಿನ ದೊಡ್ಡ ಭೂಪಟದ ಪುಸ್ತಕ ತಂದವನು. ಅದೇ ಕಣ್ಣು ಇಲ್ಲಿಯೂ ಕೆಲಸ ಮಾಡಿದೆ. ಸರ್ವೆ ಮಾಡುವವನ ಕಣ್ಣು, ಒಡೆಯನ ಕಣ್ಣು. ಅಷ್ಟು ಎತ್ತರದಿಂದ ನೋಡಿದರೆ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ.

ಒಂದು ಚಿತ್ರದ ಮೂಲೆಯಲ್ಲಿ ಒಬ್ಬ ರೈತ ಉದ್ದ ಹಿಡಿಯ ಕುಡುಗೋಲನ್ನು ಹಣಿಯುತ್ತಿದ್ದಾನೆ. ಹೆಸರು ಲ್ಯಾಟಿನ್ನಿನಲ್ಲಿ: ‘ಹಳ್ಳಿಗನ ಚಿಂತೆ’ ಅನ್ನುವ ಅರ್ಥ. ಯಾರ ಚಿಂತೆಯೋ ಅವನಿಗೆ ಓದಲಾಗದ ಭಾಷೆಯಲ್ಲಿ ಅವನ ಚಿಂತೆಗೆ ಹೆಸರು! ಇನ್ನೊಂದರಲ್ಲಿ ವಿಶ್ರಾಂತಿಗೆ ಕೂತ ಸೈನಿಕರು. ಇನ್ನೊಂದರಲ್ಲಿ ಹಕ್ಕಿ ಹಿಡಿಯುವವನು. ಒಂದರಲ್ಲಿ ಬಂಡಿ. ಹನ್ನೆರಡರಲ್ಲಿ ಹೆಸರಿಟ್ಟು ಕರೆಯಬಹುದಾದ ಸಂಸಾರ ಒಂದೇ ಒಂದು: ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿಹೋಗುತ್ತಿರುವ ಮೇರಿ, ಜೋಸೆಫ್. ಪ್ರಾಣ ಉಳಿಸಿಕೊಳ್ಳಲು ಊರು ಬಿಟ್ಟ ಬಡ ಬಡಗಿಯ ಸಂಸಾರ. ಅವರು ದೇವರಾದ್ದರಿಂದ ಹೆಸರು ಸಿಕ್ಕಿತು. ಇನ್ನು ಇಪ್ಪತ್ತೈದು ಮೂವತ್ತು ವರ್ಷಕ್ಕೆ ಅದೇ ಬ್ರಬಾಂಟಿನ ದಾರಿಗಳಲ್ಲಿ ಅದೇ ರೀತಿ ಮಕ್ಕಳನ್ನು ಕಟ್ಟಿಕೊಂಡು ಓಡಿದ ಸಂಸಾರಗಳಿಗೆ ಅದೂ ಸಿಗಲಿಲ್ಲ. ಆ ಮಾತಿಗೆ ಬರುತ್ತೇನೆ.

*

ರಸಿಕರು ಇಲ್ಲಿ ಅಡ್ಡಬಾಯಿ ಹಾಕುತ್ತಾರೆ. ‘ಅಲ್ಲಯ್ಯಾ, ಜಾತ್ರೆ ಚಿತ್ರಗಳಲ್ಲಿ ಜನವೋ ಜನ, ಅದನ್ನು ಹೇಳು’ ಅಂತಾರೆ. ಹೇಳೋಣ.

1559ರಲ್ಲೇ ಬ್ರೂಗೆಲ್ ಬರೆದ ‘ಹೊಬೋಕನ್ ಜಾತ್ರೆ’ ಅಚ್ಚಾಯಿತು. ಹೊಬೋಕನ್ ಅಂದರೆ ಆಂಟ್‌ವರ್ಪಿಗೆ ಅಂಟಿಕೊಂಡ ಊರು. ಕೆರ್ಮಿಸ್ ಅಂದರೆ ಅಲ್ಲಿಯ ಊರಚರ್ಚಿನ ಜಾತ್ರೆ. ತಗಡು ಕೆತ್ತಿದವನು ಫ್ರಾನ್ಸ್ ಹೋಗನ್‌ಬರ್ಗ್. ಮೆರವಣಿಗೆ, ಬಿಲ್ಲುಗಾರರು, ಕುಣಿತ, ಕುಡಿತ ಎಲ್ಲ ಇದೆ. ಅಡಿಯಲ್ಲಿ ಬರೆದಿರುವ ಸಾಲುಗಳ ಸಾರ ಕೇಳಿ: ಈ ರೈತರಿಗೆ ಇಂಥ ಹಬ್ಬಗಳೆಂದರೆ ಹಿಗ್ಗು, ಕುಣಿಯುತ್ತಾರೆ, ನೆಗೆಯುತ್ತಾರೆ, ಮೃಗಗಳ ಹಾಗೆ ಕುಡಿಯುತ್ತಾರೆ, ಹಸಿದು ಚಳಿಗೆ ಸತ್ತರೂ ಸರಿಯೇ ಇವರಿಗೆ ಜಾತ್ರೆ ಬೇಕೇ ಬೇಕು. ಕಾಕ್‌ನ ಪಟ್ಟಿಯಲ್ಲಿ ಮನುಷ್ಯರಿಲ್ಲ, ಪ್ರಾಣಿಗಳಿವೆ ಅಂದೆನಲ್ಲ. ಇಲ್ಲಿ ಮನುಷ್ಯರು ಬಂದರು, ಬಂದ ಕೂಡಲೇ ಮೃಗಗಳಾದರು.

ಹಸಿವು, ಚಳಿ, ಸಾವು ಮೂರನ್ನೂ ಆ ಸಾಲು ಬರೆದವನು ಬಲ್ಲ, ಗಮನಿಸಿ. 1556-57ರಲ್ಲಿ ಆ ನಾಡಿನಲ್ಲಿ ಧಾನ್ಯದ ಬೆಲೆ ಮುಗಿಲಿಗೇರಿ ಜನ ಕಂಗೆಟ್ಟು ಎರಡೇ ವರ್ಷವಾಗಿತ್ತು. ಸಂಕಟ ಗೊತ್ತಿದ್ದೂ ಅದನ್ನು ನಗೆಯ ಸಾಲಿಗೆ ಒಗ್ಗರಣೆ ಮಾಡಿಕೊಂಡ. ಜಾತ್ರೆಯ ಮೇಲೆ ದೊರೆಗಳ ಕಣ್ಣೂ ಇತ್ತು. ಐದನೇ ಚಾರ್ಲ್ಸ್ 1531ರಲ್ಲೇ ಜಾತ್ರೆ ಒಂದು ದಿನಕ್ಕೆ ಮುಗಿಯಬೇಕು ಅಂತ ಆಜ್ಞೆ ಹೊರಡಿಸಿದ್ದ. ವರ್ಷವಿಡೀ ಬೆನ್ನು ಬಗ್ಗಿಸಿದವನು ಮೂರು ದಿನ ಕುಣಿದರೆ ಸಾಮ್ರಾಜ್ಯ ಅಲ್ಲಾಡಿಹೋಗುತ್ತದೆಯೇ? ಅದೇ ಹೊತ್ತಿನ ಬ್ರೂಗೆಲ್‌ನ ಇನ್ನೊಂದು ಜಾತ್ರೆ ಚಿತ್ರದಲ್ಲಿ, ಸಂತ ಜಾರ್ಜನ ಜಾತ್ರೆಯಲ್ಲಿ, ಒಂದು ಬಾವುಟದ ಮೇಲೆ ರೈತರು ತಮ್ಮ ಜಾತ್ರೆ ಮಾಡಿಕೊಳ್ಳಲಿ ಬಿಡಿ ಅನ್ನುವ ಅರ್ಥದ ಮಾತಿದೆ. ಇದು ಬ್ರೂಗೆಲ್ ದೊರೆಗೆ ಕೊಟ್ಟ ಉತ್ತರ ಅಂತ ಕೆಲವರು, ತಮಾಷೆ ಅಂತ ಕೆಲವರು. ನನಗೆ ಅದು ಉತ್ತರವಾಗಿಯೇ ಕೇಳುತ್ತದೆ. ಆದರೆ ಹೊಬೋಕನ್ ಚಿತ್ರದ ಮುಂಭಾಗದಲ್ಲಿ ಒಂದು ಗುಂಪಿದೆ, ನೋಡಿ. ಇಬ್ಬರು ಮಕ್ಕಳನ್ನು ಕೈಹಿಡಿದು ನಡೆಸುತ್ತಿರುವುದು ಅಪ್ಪನಲ್ಲ, ಅವ್ವನಲ್ಲ, ಗಂಟೆ ಟೋಪಿಯ ಕೋಡಂಗಿ. ಹಳ್ಳಿಯ ಮಕ್ಕಳನ್ನು ಯಾರ ಕೈಗೆ ಕೊಟ್ಟರು ನೋಡಿ.

ಇನ್ನು ಮದುವೆ ಮನೆಯ ಕಥೆ. 1604ರಲ್ಲಿ ಕಾರೆಲ್ ವಾನ್ ಮಾಂಡರ್ ಎಂಬುವನು ಚಿತ್ರಕಾರರ ಜೀವನಗಳನ್ನು ಬರೆದ. ಅವನು ಹೇಳುವ ಪ್ರಕಾರ ಬ್ರೂಗೆಲ್ ಮತ್ತು ಅವನ ಗೆಳೆಯ, ಹಾನ್ಸ್ ಫ್ರಾಂಕರ್ಟ್ ಎಂಬ ವ್ಯಾಪಾರಿ, ರೈತರ ಬಟ್ಟೆ ತೊಟ್ಟು ಹಳ್ಳಿ ಮದುವೆಗಳಿಗೆ ನುಗ್ಗುತ್ತಿದ್ದರಂತೆ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಅಂತ ಸುಳ್ಳು ಹೇಳಿ, ಎಲ್ಲರ ಹಾಗೆ ಉಡುಗೊರೆ ಕೊಟ್ಟು ಕೂರುತ್ತಿದ್ದರಂತೆ. ಈ ಕಥೆಯನ್ನು ಹೇಳಿ ಹೇಳಿ ಪಂಡಿತರು ಕಣ್ಣೀರು ತುಂಬಿಕೊಳ್ಳುತ್ತಾರೆ, ಆಹಾ ಎಂಥ ಜನಪ್ರೀತಿ ಅಂತ. ಕಥೆ ಎಷ್ಟು ನಿಜವೋ, ಬ್ರೂಗೆಲ್ ಸತ್ತು 35 ವರ್ಷದ ಮೇಲೆ ಬರೆದದ್ದು. ನಿಜ ಅಂತಲೇ ಇಟ್ಟುಕೊಳ್ಳೋಣ. ಮುಯ್ಯಿ ಅಂದರೇನು? ಇವತ್ತು ನಿನ್ನ ಮನೆಯಲ್ಲಿ ಕೊಟ್ಟದ್ದು ನಾಳೆ ನನ್ನ ಮನೆಯಲ್ಲಿ ತಿರುಗಿ ಬರಬೇಕು. ನೆಂಟಸ್ತಿಕೆ ಅಂದರೆ ಅದೇ. 1563ರಲ್ಲಿ ಬ್ರಸೆಲ್ಸಿನಲ್ಲಿ ಬ್ರೂಗೆಲ್ ತನ್ನ ಗುರು ಪೀಟರ್ ಕೂಕನ ಮಗಳು ಮೈಕೆನ್‌ಳನ್ನು ಮದುವೆಯಾದನಲ್ಲ, ಅವತ್ತು ಈ ಹಳ್ಳಿ ನೆಂಟರನ್ನು ಕರೆದು ಎಲೆ ಹಾಕಿದರೋ? ವಾನ್ ಮಾಂಡರ್ ಆ ಮಾತೇ ಎತ್ತುವುದಿಲ್ಲ. ವೇಷ ಹಾಕಿಕೊಂಡು ಒಳಗೆ ಬರಬಹುದು. ವೇಷ ಕಳಚಿ ಹೊರಗೆ ಹೋಗುವ ಬಾಗಿಲು ಮಾತ್ರ ಒಂದು ಕಡೆಯವರಿಗೇ ತೆರೆದಿರುತ್ತದೆ.

ಒಂದು ಸಲ ಮಾತ್ರ ಬ್ರೂಗೆಲ್ ಮನೆಯ ಬಾಗಿಲನ್ನು ನಿಜವಾಗಿ ತೆರೆದ ಅಂತ ನನಗನ್ನಿಸುತ್ತದೆ. ಅದು ಭೂದೃಶ್ಯವಲ್ಲ. ಆದರೂ ಆ ಭೂದೃಶ್ಯಗಳ ಮಾಡಿನ ಕೆಳಗೆ ಏನಿರಬಹುದು ಅನ್ನುವುದಕ್ಕೆ ಅದೇ ಉತ್ತರ. 1563ರಲ್ಲಿ ಕಾಕ್ ಪ್ರಕಟಿಸಿದ ಜೋಡಿ ಅಚ್ಚು, ‘ಬಡಕಲು ಅಡುಗೆಮನೆ’ ಮತ್ತು ‘ಕೊಬ್ಬಿದ ಅಡುಗೆಮನೆ’. ಕೆತ್ತಿದವನು ಪೀಟರ್ ವಾನ್ ಡರ್ ಹೇಡನ್. ಬಡಕಲು ಮನೆಯಲ್ಲಿ ಮೂಳೆ ಎಣಿಸಬಹುದಾದ ಜನ ಒಂದು ತಟ್ಟೆ ಚಿಪ್ಪುಮೀನಿನ ಸುತ್ತ ಕೈ ಚಾಚಿದ್ದಾರೆ. ಒಂದು ಮಗು ಖಾಲಿ ಗಡಿಗೆಯೊಳಗೆ ತಲೆ ತೂರಿಸಿಬಿಟ್ಟಿದೆ. ತಾಯಿಯ ಎದೆ ಬತ್ತಿಹೋಗಿದೆ, ಕೂಸಿಗೆ ಕೊಂಬಿನಿಂದ ಏನನ್ನೋ ಕುಡಿಸುತ್ತಿದ್ದಾಳೆ. ದಾರಿ ತಪ್ಪಿ ಬಂದ ಡೊಳ್ಳು ಹೊಟ್ಟೆಯವನೊಬ್ಬ ಇಲ್ಲಿಂದ ಪಾರಾಗುವ ಅವಸರದಲ್ಲಿದ್ದಾನೆ. ಇನ್ನೊಂದು ಮನೆಯಲ್ಲಿ ಎಲ್ಲರೂ ಕೊಬ್ಬಿ ಕುಳಿತಿದ್ದಾರೆ, ಬಡಕಲು ವಾದ್ಯಗಾರನನ್ನು ಬಾಗಿಲಿಂದಾಚೆ ಒದೆಯುತ್ತಿದ್ದಾರೆ. ನಗಿಸಲೆಂದೇ ಮಾಡಿದ್ದು, ಉತ್ಪ್ರೇಕ್ಷೆ ಇದೆ. ಇರಲಿ. ಆ ಬತ್ತಿದ ಎದೆಯ ಮುಂದೆ ನಲವತ್ತನಾಲ್ಕು ಮಾಡುಗಳ ನೆಮ್ಮದಿ ನಿಲ್ಲುವುದಿಲ್ಲ. ಈ ಚಿತ್ರದಲ್ಲಿ ಕೊನೆಗೂ ಒಂದು ಸಂಸಾರ ಇದೆ, ಸಂಸಾರಕ್ಕೆ ಹೊಟ್ಟೆ ಇದೆ.

*

ಈಗ ನನ್ನ ಮುಖ್ಯ ತಕರಾರು.

ಆ ಚಿಕ್ಕ ಭೂದೃಶ್ಯಗಳು ಅಚ್ಚಾದ ಮೇಲೆ ಏನಾಯಿತು? 1566ರಲ್ಲಿ ಬಂಡಾಯ ಎದ್ದಿತು. ಸ್ಪೇನಿನ ಸೈನ್ಯ ಬಂತು. 1576ರಲ್ಲಿ ಸಂಬಳ ಸಿಗದ ಸೈನಿಕರು ಆಂಟ್‌ವರ್ಪನ್ನು ಕೊಳ್ಳೆ ಹೊಡೆದರು, ಊರು ಹೊತ್ತಿ ಉರಿಯಿತು. 1584-85ರಲ್ಲಿ ಪಾರ್ಮಾದ ದೊರೆ ಮುತ್ತಿಗೆ ಹಾಕಿದ. ಅವನನ್ನು ತಡೆಯಲು ಪಟ್ಟಣದ ಕಡೆಯವರೇ ಏರಿಗಳನ್ನು ಒಡೆದು ಸುತ್ತಲ ಹೊಲಗಳಿಗೆ ನೀರು ನುಗ್ಗಿಸಿದರು. ಯಾರ ಹೊಲ? ಕೇಳಬೇಡಿ. ಎರಡೂ ಕಡೆಯ ಸೈನ್ಯ ತಿಂದದ್ದು ಹಳ್ಳಿಯ ಧಾನ್ಯವನ್ನೇ, ಸುಟ್ಟದ್ದು ಹಳ್ಳಿಯ ಮಾಡನ್ನೇ. ಬ್ರಬಾಂಟಿನ ಊರೂರೇ ಬರಿದಾದವು. ಪಾಳು ಬಿದ್ದ ಹೊಲಗಳಲ್ಲಿ ತೋಳಗಳು ತಿರುಗಿದವು. ಒಂದು ಲಕ್ಷ ಜನರಿದ್ದ ಆಂಟ್‌ವರ್ಪಿನಲ್ಲಿ 1589ರ ಹೊತ್ತಿಗೆ ಉಳಿದವರು ಸುಮಾರು 42,000. ಪಟ್ಟಣದವರನ್ನಾದರೂ ಎಣಿಸಿದರು.

ಹಳ್ಳಿ ಸುಟ್ಟಿತು, ತಗಡು ಸುಡಲಿಲ್ಲ. 1601ರಲ್ಲಿ, ವೋಲ್ಕ್ಸ್‌ಕೆನ್ ಸತ್ತ ಮರುವರ್ಷ, ಆಂಟ್‌ವರ್ಪಿನ ಗಾಲೆ ಮನೆತನದ ಪ್ರಕಾಶಕರು ಅದೇ ಚಿಕ್ಕ ಭೂದೃಶ್ಯಗಳ ತಗಡುಗಳನ್ನು ಹಿಡಿದು ಮತ್ತೆ ಅಚ್ಚು ಹಾಕಿದರು. ಯುದ್ಧ ಇನ್ನೂ ಮುಗಿದಿರಲಿಲ್ಲ. ಹೆಸರಿಲ್ಲದ ಸರಕು ಹೋಗುವುದಿಲ್ಲ ಅಂತ ಕಾರ್ನೆಲಿಸ್ ಕಾರ್ಟ್ ಎಂಬ ಹೆಸರಾಂತ ಕೆತ್ತನೆಗಾರನ ಹೆಸರು ಅಂಟಿಸಿದರು. 1612ರಲ್ಲಿ ಆಮ್‌ಸ್ಟರ್‌ಡಾಮಿನ ಕ್ಲಾಸ್ ಯಾನ್ಸ್ ವಿಸ್ಸರ್ ಇವುಗಳಲ್ಲಿ ಕೆಲವನ್ನು ನಕಲು ಮಾಡಿ ಬ್ರೂಗೆಲ್‌ನ ಹೆಸರು ಹಾಕಿ ಮಾರಿದ. ಇಷ್ಟು ಹೊತ್ತಿಗೆ ಊರು ಬಿಟ್ಟುಹೋದ ಆಂಟ್‌ವರ್ಪಿನ ವ್ಯಾಪಾರಿಗಳೆಷ್ಟೋ ಮಂದಿ ಆಮ್‌ಸ್ಟರ್‌ಡಾಮಿನಲ್ಲಿ ನೆಲೆಸಿದ್ದರು. ಅವರಿಗೆ ಬಿಟ್ಟುಬಂದ ಸೀಮೆಯ ನೆನಪು ಬೇಕಿತ್ತು. ನೆನಪಿಗೂ ದರ ಕಟ್ಟಿ ಕೊಟ್ಟರು.

1559ರಲ್ಲಿ ‘ಕಣ್ಣಾರೆ ಕಂಡದ್ದು’ ಅಂದದ್ದು ಅರ್ಧ ಸತ್ಯವಾದರೂ ಆಗಿತ್ತು. 1601ರಲ್ಲಿ ಅದೇ ಗೆರೆ, ಅದೇ ಮಾಡು, ಅದೇ ಬಾತುಕೋಳಿ. ಆದರೆ ಕಣ್ಣು ತೆರೆದು ಪಟ್ಟಣದ ಬಾಗಿಲಾಚೆ ನಾಲ್ಕು ಹೆಜ್ಜೆ ಹೋಗಿದ್ದರೆ ಕಾಣುತ್ತಿದ್ದದ್ದು ಬೂದಿ ಹಿಡಿದ ಗೋಡೆ. ಆಗ ಈ ಚಿತ್ರ ಮಾಡಿದ ಕೆಲಸ ಏನು? ಕೆಲವು ಪಂಡಿತರು ಇದನ್ನು ‘ಕಳೆದುಹೋದ ನೆಮ್ಮದಿಯ ಹಂಬಲ’ ಅಂತ ಮೃದುವಾಗಿ ಹೇಳುತ್ತಾರೆ. ಹಂಬಲ ಇದ್ದೀತು, ಇಲ್ಲ ಅನ್ನುವುದಿಲ್ಲ. ಆದರೆ ಹಂಬಲಿಸುವವನ ಕಣ್ಣಿಗೆ ಬೇಕಾದ ಹಳ್ಳಿಯಲ್ಲಿ ಜನ ಕಡಿಮೆ ಇದ್ದಷ್ಟೂ ಅನುಕೂಲ. ಮೊದಲೇ ಉಗುರಿನಷ್ಟಿದ್ದವರು ಸತ್ತದ್ದು ಚಿತ್ರದಲ್ಲಿ ಗೊತ್ತಾಗಲೇ ಇಲ್ಲ! ಒಂದು ಗೆರೆಯನ್ನೂ ಅಳಿಸಬೇಕಾಗಿ ಬರಲಿಲ್ಲ. ಸಂಸಾರವನ್ನು ಮೊದಲ ದಿನವೇ ಹೊರಗಿಟ್ಟು ಮಾಡಿದ ಚಿತ್ರಕ್ಕೆ ಸಂಸಾರ ನಾಶವಾದರೂ ಏನೂ ಆಗುವುದಿಲ್ಲ. ನಾನು ಹೇಳುತ್ತಿರುವುದು ಇಷ್ಟೇ.

ಅಳಿಸಬೇಕಾಗಿ ಬಂದಾಗ ಅಳಿಸಿದ್ದೂ ಉಂಟು. ಅಚ್ಚುಚಿತ್ರವಲ್ಲ, ಬ್ರೂಗೆಲ್‌ನ ಒಂದು ವರ್ಣಚಿತ್ರ, 1565-67ರ ಸುಮಾರಿನದು. ಹೆರೋದ ರಾಜನ ಆಜ್ಞೆಯಂತೆ ಹಸುಳೆಗಳನ್ನು ಕೊಲ್ಲುವ ಬೈಬಲ್ಲಿನ ಕಥೆಯನ್ನು ಹಿಮ ಬಿದ್ದ ಫ್ಲೆಮಿಶ್ ಹಳ್ಳಿಗೆ ತಂದಿಟ್ಟ. ಸೈನಿಕರು ಬಾಗಿಲು ಒಡೆಯುತ್ತಾರೆ, ಮಕ್ಕಳನ್ನು ಇರಿಯುತ್ತಾರೆ. ಅದು ಎರಡನೇ ರುಡಾಲ್ಫ್ ಚಕ್ರವರ್ತಿಯ ಕೈಗೆ ಹೋಯಿತು. ಅಲ್ಲಿ ಮಕ್ಕಳ ಮೇಲೆ ಬಣ್ಣ ಬಳಿಸಲಾಯಿತು. ಒಂದು ಕಡೆ ಕೂಸು ಹೋಗಿ ಬಟ್ಟೆಗಂಟು ಆಯಿತು, ಇನ್ನೊಂದು ಕಡೆ ಪ್ರಾಣಿ, ಇನ್ನೊಂದು ಕಡೆ ತಿನ್ನುವ ಸಾಮಾನು. ಹತ್ಯಾಕಾಂಡ ಹೋಗಿ ಬರೀ ಊರು ಲೂಟಿ ಆಯಿತು. ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಅವನ ಮಗ ಮಾಡಿದ ನಕಲುಗಳು ಉಳಿದದ್ದರಿಂದ ಮೊದಲು ಏನಿತ್ತು ಅಂತ ಗೊತ್ತಾಗುತ್ತದೆ. ಆ ತಾಯಂದಿರನ್ನು ಮಾತ್ರ ಬದಲಾಯಿಸಲಿಲ್ಲ. ಅವರು ಅಳುತ್ತಲೇ ಇದ್ದಾರೆ, ಮಡಿಲಲ್ಲಿ ಗಂಟು ಇಟ್ಟುಕೊಂಡು.

ಯುದ್ಧವನ್ನೇ ಅಚ್ಚಿಗೆ ತಂದವರಿಲ್ಲವೇ? ಇದ್ದರು. ಡೇವಿಡ್ ವಿಂಕ್‌ಬೂನ್ಸ್, 1576ರಲ್ಲಿ ಮೆಕೆಲನ್‌ನಲ್ಲಿ ಹುಟ್ಟಿದವನು, ಮನೆಯವರ ಜೊತೆ ಆಮ್‌ಸ್ಟರ್‌ಡಾಮಿಗೆ ಓಡಿಹೋದವನು. ಅವನೂ ನಿರಾಶ್ರಿತನೇ. ಅವನ ‘ರೈತನ ದುಃಖ’ವನ್ನು 1610ರಲ್ಲಿ ಬೊಯೀಟಿಯಸ್ ಬೊಲ್ಸ್‌ವರ್ಟ್ ನಾಲ್ಕು ಅಚ್ಚುಗಳಲ್ಲಿ ಕೆತ್ತಿದ. ಸೈನಿಕರು ರೈತನ ಮನೆಗೆ ನುಗ್ಗಿ ಕೂತು ತಿನ್ನುತ್ತಾರೆ. ರೈತರು ತಿರುಗಿ ಬೀಳುತ್ತಾರೆ. ಇಲ್ಲಿ ಮುಖವಿದೆ, ಕೋಪವಿದೆ, ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆಯುವ ಸಂಸಾರವಿದೆ. ನೋಡುತ್ತಾ ನೋಡುತ್ತಾ ಮೈ ಬಿಸಿಯಾಗುತ್ತದೆ. ಆದರೆ ಕೊನೆಯ ತಗಡಿನಲ್ಲಿ ರಾಜಿ! ಲೂಟಿ ಮಾಡಿದವನೂ ಲೂಟಿಯಾದವನೂ ಒಟ್ಟಿಗೆ ಕೂತು ಕುಡಿಯುತ್ತಾರೆ. ಹಿಂದಿನ ವರ್ಷ, 1609ರಲ್ಲಿ, ಸ್ಪೇನಿಗೂ ಉತ್ತರದ ಪ್ರಾಂತಗಳಿಗೂ ಹನ್ನೆರಡು ವರ್ಷದ ಕದನವಿರಾಮ ಆಗಿತ್ತು. ದೊರೆಗಳು ರಾಜಿಯಾದರು, ಆದ್ದರಿಂದ ನೀನೂ ಆಗು ಅಂತ. ಅವನ ಸುಟ್ಟ ಬಣವೆಯ ಲೆಕ್ಕವನ್ನು ಯಾವ ತಗಡಿನಲ್ಲಿ ಕೊರೆದಿದ್ದಾರೆ?

ಹಾಗಂತ ಬ್ರೂಗೆಲ್‌ನನ್ನು ತಿಪ್ಪೆಗೆ ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ಎಸೆಯಬೇಕಾದದ್ದು ಅವನ ಮೇಲೆ ಹೊದಿಸಿರುವ ಜರಿ ಶಾಲುಗಳನ್ನು. ಅವನು ಪಟ್ಟಣದವನು, ಪಟ್ಟಣದವರಿಗೆ ಬರೆದ, ಅವರ ದುಡ್ಡಿನಲ್ಲಿ ಬದುಕಿದ. ಆದರೆ ಅವನ ಕೈ ಕೆಲವು ಸಲ ಅವನ ಗಿರಾಕಿಗಳ ಮಾತು ಕೇಳಲಿಲ್ಲ. ಅದಕ್ಕೆ ಸಾಕ್ಷಿ ಅವನು ಸತ್ತ ಮರುವರ್ಷ, 1570ರಲ್ಲಿ, ಕಾಕ್‌ನ ಅಂಗಡಿಯಿಂದ ಹೊರಬಂದ ಋತುಗಳ ಅಚ್ಚುಗಳು. ವಸಂತ ಮತ್ತು ಬೇಸಿಗೆ ಬ್ರೂಗೆಲ್‌ನವು. ಅವನು ಮುಗಿಸುವ ಮುಂಚೆಯೇ ಹೋದದ್ದರಿಂದ ಉಳಿದೆರಡನ್ನು ಹಾನ್ಸ್ ಬೋಲ್ ಬರೆದುಕೊಟ್ಟ. ‘ವಸಂತ’ದಲ್ಲಿ ಒಡತಿ ನಿಂತು ಅಪ್ಪಣೆ ಕೊಡುತ್ತಿದ್ದಾಳೆ, ಆಳುಗಳು ಬಗ್ಗಿ ಅವಳ ಹೂದೋಟದ ಮಡಿ ಅಗೆಯುತ್ತಿದ್ದಾರೆ. ಯಾರು ನಿಂತಿದ್ದಾರೆ, ಯಾರು ಬಗ್ಗಿದ್ದಾರೆ ಅನ್ನುವುದನ್ನು ಮರೆಮಾಚಿಲ್ಲ.

‘ಬೇಸಿಗೆ’ಯ ರೇಖೆ 1568ರದ್ದು. ಕೊಯ್ಲು ನಡೆದಿದೆ. ತರಕಾರಿ ಬುಟ್ಟಿ ಹೊತ್ತು ಬರುತ್ತಿರುವ ಒಂದು ಜೀವಕ್ಕೆ ತಲೆಯೇ ಕಾಣುವುದಿಲ್ಲ, ತಲೆ ಇರಬೇಕಾದ ಕಡೆ ಬುಟ್ಟಿಯ ಕಾಯಿಪಲ್ಲೆ. ಮುಂದುಗಡೆ ಕೂತ ಆಳು ದೊಡ್ಡ ಹೂಜಿ ಎತ್ತಿ ಗಟಗಟ ಕುಡಿಯುತ್ತಿದ್ದಾನೆ. ಹೂಜಿ ಅವನ ಮುಖ ಮುಚ್ಚಿದೆ. ಮತ್ತೆ ಮುಖ ಇಲ್ಲ, ಇಲ್ಲೂ ಇಲ್ಲ. ಆದರೆ ಅವನ ಕಾಲು ನೋಡಿ. ಚಾಚಿದ ಆ ಕಾಲು ಚಿತ್ರದ ಚೌಕಟ್ಟಿನ ಗೆರೆಯನ್ನು ದಾಟಿ ಹೊರಗೆ ಬಂದಿದೆ. ಅವನ ಕುಡುಗೋಲೂ ದಾಟಿದೆ. ಚೌಕಟ್ಟಿನ ಕೆಳಗೆ ಕಾಕ್ ಲ್ಯಾಟಿನ್ ಸಾಲು ಕೊರೆಸಿದ್ದಾನೆ. ಕಾಲು ಬಂದು ನಿಂತಿರುವುದು ಅಲ್ಲಿ.